ಹಿತ್ತಿಲಲ್ಲಿ ನಾಲ್ಕು ಕೋಳಿ

ಪೇಟೆಯ ಮನೆಯಲ್ಲಿ ಕೋಳಿ ಸಾಕಬಹುದೇ ಅಂತ ಸೋದರಿಯರು ಕೇಳುವುದುಂಟು. ಹಿತ್ತಿಲಲ್ಲಿ ಹತ್ತು ಹೆಜ್ಜೆ ಮಣ್ಣಿನ ನೆಲ, ಒಂದಿಷ್ಟು ನೆರಳು, ಗೊಣಗದ ನೆರೆಹೊರೆ, ಈ ಮೂರಿದ್ದರೆ ಧಾರಾಳವಾಗಿ ಸಾಕಬಹುದು. ನಮ್ಮ ಮೈಸೂರಿನಲ್ಲಿ ಹಳೆಯ ಕೊಪ್ಪಲುಗಳೆಲ್ಲ ಊರೊಳಗೇ ಸೇರಿಹೋಗಿವೆ. ಅಲ್ಲಿ ಕೋಳಿ ಹೊಸದೇನಲ್ಲ.

ಯಾವ ಕೋಳಿ ತರೋಣ? ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು. ಆದರೆ 21 ದಿನ ಕಾವಿಗೆ ಕೂತು ಮರಿ ಎಬ್ಬಿಸಿ, ಹದ್ದು ಕಂಡರೆ ರೆಕ್ಕೆಯೊಳಗೆ ಮುಚ್ಚಿಕೊಳ್ಳುವ ತಾಯಿ ಅದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು 1989ರಲ್ಲಿ ಹೊರತಂದ ಗಿರಿರಾಜ 130-150 ಮೊಟ್ಟೆ ಕೊಟ್ಟೀತು, ಕಾವಿಗೆ ಕೂರುವ ವ್ಯವಧಾನ ಮಾತ್ರ ಅದಕ್ಕಿಲ್ಲ. ಮೂರು ಗಿರಿರಾಜದ ಜೊತೆ ಒಂದು ನಾಟಿ ಹೇಂಟೆ ಇರಲಿ. ಮೊಟ್ಟೆ ಅವುಗಳದು, ಬಾಣಂತನ ಇದರದು! ಮರಿ ಬೇಕೆಂದರೆ ಹುಂಜ ಬೇಕು. ಬರೀ ಮೊಟ್ಟೆ ಸಾಕೆಂದರೆ ಹುಂಜದ ಹಂಗೇ ಇಲ್ಲ, ಪಕ್ಕದ ಮನೆಯವರ ನಿದ್ದೆಯೂ ಉಳಿಯಿತು.

ಊಟಕ್ಕೆ ರಾಗಿ, ನುಚ್ಚಕ್ಕಿ, ಸೊಪ್ಪಿನ ಕಡ್ಡಿ, ಮಿಕ್ಕಿದ ಅನ್ನ. ಉಪ್ಪು ಖಾರದ ಪದಾರ್ಥ, ಬೂಸ್ಟು ಹಿಡಿದದ್ದು ಬೇಡ. ಮೊಟ್ಟೆಯ ಓಡು ತೆಳುವಾದರೆ ಕಪ್ಪೆಚಿಪ್ಪಿನ ಪುಡಿ ಇಡಿ. ಕತ್ತಲಾಗುವ ಮೊದಲೇ ಒಳಗೆ ಕೂಡಿ, ಬಾಗಿಲಿಗೆ ಗಟ್ಟಿ ಚಿಲಕ ಹಾಕಿ. ಮುಂಗುಸಿಗೂ ಬೀದಿನಾಯಿಗೂ ಒಂದು ರಾತ್ರಿಯ ಮರೆವು ಸಾಕು.

ಇದು ಸಲೀಸಾದ ಮಾತು. ಕಾಯಿಲೆಯ ಮಾತು ಅಷ್ಟು ಸಲೀಸಲ್ಲ.

ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಇರುವುದು 2020ರ ಮಾರ್ಚಿನಲ್ಲಿ ಭೋಪಾಲದ ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತವಾಯಿತು. ಸುತ್ತ 1 ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಂದು ಹೂಳಿದರು. ಅಂಗಡಿಯ ಕೋಳಿಗಳ ಜೊತೆ ಮನೆಗಳಲ್ಲಿ ಸಾಕಿದವೂ ಹೋದವು. ಲವಲವಿಕೆಯಿಂದ ಕಾಳು ಹೆಕ್ಕುತ್ತಿರುವ ಹೇಂಟೆಯನ್ನು ಕೈಯಾರೆ ಒಪ್ಪಿಸುವುದೆಂದರೆ ಸುಲಭವೇ, ಹೇಳಿ? ಆದರೆ ಈ ರೋಗಾಣು ಹಿಕ್ಕೆಯಲ್ಲಿ, ಪುಕ್ಕದಲ್ಲಿ, ನಮ್ಮ ಚಪ್ಪಲಿಯ ಅಡಿಯಲ್ಲಿ ಕೂತು ಮುಂದಿನ ಹಿತ್ತಿಲಿಗೆ ಹೋಗುತ್ತದೆ. ಹೊರಗೆ ಚೆನ್ನಾಗಿ ಕಾಣುವ ಕೋಳಿಯಲ್ಲೂ ಸೋಂಕು ಸೇರಿಕೊಂಡಿರಬಹುದು.

ಕೆರೆಯ ಕಾಡುಹಕ್ಕಿಗಳೂ ಇದನ್ನು ತರುತ್ತವೆ. 2017ರ ಜನವರಿಯಲ್ಲಿ ಇದೇ ಕಾಯಿಲೆಗೆ ನಮ್ಮ ಮೃಗಾಲಯವನ್ನೇ ತಿಂಗಳ ಕಾಲ ಮುಚ್ಚಿದ್ದು ನೆನಪಿರಬಹುದು. ಹಾಗಾಗಿ ಕುಕ್ಕರಹಳ್ಳಿ, ಕಾರಂಜಿ ಕೆರೆಗಳ ಆಸುಪಾಸಿನವರು ಕಾಳು-ನೀರಿನ ಬಟ್ಟಲನ್ನು ಸೂರಿನಡಿ ಇಡಿ. ಹಿತ್ತಿಲಿಗೆ ಬೇರೆ ಚಪ್ಪಲಿ ಇರಲಿ. ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆಯೇ ಕಟ್ಟಿ.

ಹಾಗೆಂದು ಒಂದು ಕೋಳಿ ಸತ್ತ ಕೂಡಲೇ ಹಕ್ಕಿಜ್ವರ ಅಂತ ಗಾಬರಿ ಬೀಳಬೇಡಿ. ನಮ್ಮಲ್ಲಿ ಹಿಂದಿನಿಂದಲೂ ಕಾಡುವುದು ಕೊಕ್ಕರೆ ರೋಗ, ಡಾಕ್ಟರ ಮಾತಿನಲ್ಲಿ ರಾಣಿಕೇತ್. ಹಸಿರು ಭೇದಿ, ಬಾಯಿ ತೆರೆದು ಉಸಿರು, ಕುತ್ತಿಗೆ ತಿರುಚುವುದು ಅದರ ಲಕ್ಷಣ. ಬಂದ ಮೇಲೆ ಮದ್ದಿಲ್ಲ, ಬಾರದಂತೆ ಲಸಿಕೆ ಉಂಟು. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ, ಮುಂದಿನದು ಡಾಕ್ಟರು ಹೇಳಿದಂತೆ. ತೊಂದರೆಯೇನೆಂದರೆ ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು. ನಾಲ್ಕು ಕೋಳಿಗೆ ಸೀಸೆ ಒಡೆಯುವುದುಂಟೇ? ಅದಕ್ಕೇ ಬೀದಿಯ ಹೆಂಗಸರು ಮಾತಾಡಿಕೊಂಡು ಒಂದೇ ದಿನ ಎಲ್ಲರ ಮರಿಗೂ ಹಾಕಿಸಿ. ಹಪ್ಪಳ ಒತ್ತಲು ಸೇರುವವರಿಗೆ ಇದೇನು ದೊಡ್ಡದು!

ಆದರೆ ಒಂದರ ಹಿಂದೊಂದು ಸತ್ತರೆ, ಮುಖ ಊದಿ ಜುಟ್ಟು ನೀಲಿಗಟ್ಟಿದರೆ, ಬರಿಗೈಯಲ್ಲಿ ಮುಟ್ಟಬೇಡಿ. ಕೊಯ್ಯಬೇಡಿ, ಮಾರಬೇಡಿ, ತಿಪ್ಪೆಗೆ ಎಸೆಯಬೇಡಿ. ಮಕ್ಕಳನ್ನು ದೂರವಿಟ್ಟು ಪಶು ಆಸ್ಪತ್ರೆಗೆ ತಿಳಿಸಿ. ರಾಣಿಕೇತೋ ಹಕ್ಕಿಜ್ವರವೋ ಎಂಬುದು ಕಣ್ಣಂದಾಜಿಗೆ ತಿಳಿಯದು, ಪರೀಕ್ಷೆಯೇ ಆಗಬೇಕು.

‘ಹೇಳಿದರೆ ಉಳಿದಿದ್ದನ್ನೂ ಒಯ್ತಾರೆ, ಸುಮ್ನಿದ್ದುಬಿಡೋಣ’ ಅನ್ನಿಸುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಸರ್ಕಾರದ ನಿಯಮದಂತೆ ಅವರಾಗಿ ಕೊಂದ ಕೋಳಿಗೆ ಪರಿಹಾರ ಉಂಟು, ತಾನಾಗಿ ಸತ್ತ ಕೋಳಿಗೆ ಇಲ್ಲ. ತಡ ಮಾಡಿದಷ್ಟೂ ನಷ್ಟ ನಿಮ್ಮದೇ. ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಅಪರೂಪಕ್ಕಾದರೂ ಈ ಜ್ವರ ಮನುಷ್ಯರಿಗೂ ತಗಲುತ್ತದೆ, ತಗಲಿದರೆ ಪ್ರಾಣಕ್ಕೇ ಬರಬಹುದು. ಕೋಳಿಯ ಹಿಂದೆ ಓಡಾಡುವವರು ಮಕ್ಕಳು, ಗೂಡು ಗುಡಿಸುವವರು ನಾವು. ಮೊದಲ ಅಪಾಯವೂ ನಮಗೇ ಅಲ್ಲವೇ?

ಕೋಳಿ ನಾಲ್ಕೇ ಇರಬಹುದು, ಹೊಣೆ ಬೀದಿಗೆಲ್ಲ ಸೇರಿದ್ದು. ಆ ಹೊಣೆ ಹೊರಲು ಸಿದ್ಧವಿದ್ದರೆ ಇಂದೇ ಗೂಡಿಗೆ ಜಾಗ ನೋಡಿ. ದಿನಕ್ಕೊಂದೆರಡು ಬಿಸಿ ಮೊಟ್ಟೆ ಕೈಗೆ ಬರುವ ಸುಖ ನಿಮ್ಮದಾಗಲಿ.