ಹವಾಮಾನದವರನ್ನು ಬೈಯುವ ಮುನ್ನ

ಕಳೆದ ಜುಲೈಯಲ್ಲಿ ಈ ಪತ್ರಿಕೆಗೆಂದು ಬಂದಿದ್ದ ನಾಲ್ಕು ಕೈಬರಹದ ಪ್ರತಿಗಳು ನನ್ನ ಚೀಲದಲ್ಲೇ ನೆನೆದು ಮುದ್ದೆಯಾದವು. ತಪ್ಪು ನನ್ನದೇ. ಎರಡು ದಿನ ಮುಂಬಯಿಗೆ ಕಿತ್ತಳೆ ಬಣ್ಣದ ಎಚ್ಚರಿಕೆ ಇತ್ತು. ಮಾಟುಂಗಾದಲ್ಲಿ ನಾಲ್ಕು ಹನಿಯೂ ಬೀಳಲಿಲ್ಲ. ಮೂರನೆಯ ದಿನವೂ ಅದೇ ಕಿತ್ತಳೆ. "ಇವರು ಮಳೆ ಅಂದ್ರೆ ಬಿಸಿಲು ಅಂತ ತಿಳ್ಕೋಬೇಕು ಕಣ್ರೋ" ಎಂದು ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸಿ, ಕೊಡೆ ಬಿಟ್ಟು ಹೊರಟೆ. ದಾದರ್ ಸ್ಟೇಷನ್ನಿನ ಸೇತುವೆ ಇಳಿಯುವಷ್ಟರಲ್ಲಿ ಮುಗಿಲು ಹರಿದುಕೊಂಡು ಬಿತ್ತು. ಮೂವರು ಮಿತ್ರರು ಬೈಯುತ್ತಲೇ ಮತ್ತೆ ಬರೆದುಕೊಟ್ಟರು. ನಾಲ್ಕನೆಯದು ಪ್ರಥಮ ವರ್ಷದ ಹುಡುಗಿಯೊಬ್ಬಳ ಕವಿತೆ. ಆಕೆಯ ಬಳಿ ಬೇರೆ ಪ್ರತಿ ಇರಲಿಲ್ಲ. ಆಕೆ ಏನೂ ಅನ್ನಲಿಲ್ಲ. ಅದೇ ನನಗೆ ಚುಚ್ಚಿದ್ದು.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟು: ಮುನ್ಸೂಚನೆ ಸುಳ್ಳಾಗುವುದಕ್ಕಿಂತ ಹೆಚ್ಚಾಗಿ, ನಮಗೇ ಅದನ್ನು ಓದಲು ಬರುವುದಿಲ್ಲ.

ಹತ್ತನೇ ಇಯತ್ತೆವರೆಗೆ ನಾನು ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಪದರು ಮೋಡ, ರಾಶಿ ಮೋಡ, ಹಿಮಕಣ ಮೋಡ, ರಾಶಿ ವೃಷ್ಟಿ ಮೋಡ ಎಂದು ಬಾಯಿಪಾಠ ಮಾಡಿ ಮಾರ್ಕು ಗಿಟ್ಟಿಸಿದ್ದೆ. ತಲೆಯೆತ್ತಿ ಒಂದನ್ನೂ ನೋಡಿರಲಿಲ್ಲ. ವಿಷಯ ಅಂಥ ಕಷ್ಟದ್ದೇನಲ್ಲ. ಆವಿ ತುಂಬಿದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ. ಒಂದು ಎತ್ತರ ಮುಟ್ಟಿದ ಮೇಲೆ ಆವಿಯು ಧೂಳು, ಸಮುದ್ರದ ಉಪ್ಪಿನ ಕಣಗಳ ಸುತ್ತ ಹನಿಗಟ್ಟುತ್ತದೆ. ಅದೇ ಮೋಡ. ಗಾಳಿ ಏರಿದ ರೀತಿಯಂತೆ ಅದರ ರೂಪ. ವಿಶಾಲವಾಗಿ, ನಿಧಾನವಾಗಿ ಏರಿದರೆ ಕಂಬಳಿ ಹಾಸಿದಂಥ ಪದರು ಮೋಡ. ಕಾದ ನೆಲದಿಂದ ಗುಳ್ಳೆಗುಳ್ಳೆಯಾಗಿ ಎದ್ದರೆ ಅರಳೆ ಗುಡ್ಡೆ ಹಾಕಿದಂಥ ರಾಶಿ ಮೋಡ. ಬಹಳ ಎತ್ತರದಲ್ಲಿ ಹನಿಯ ಬದಲು ಮಂಜಿನ ಹರಳು; ಅದು ಎಳೆಎಳೆಯಾದ ಹಿಮಕಣ ಮೋಡ. ರಾಶಿ ಮೋಡವೇ ಬೆಳೆದು 12-15 ಕಿ.ಮೀ. ಎತ್ತರ ಮುಟ್ಟಿದರೆ ಗುಡುಗು ಸಿಡಿಲಿನ ರಾಶಿ ವೃಷ್ಟಿ ಮೋಡ.

ಇಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು. ಆಯುಸ್ಸು ಬಹಳವೆಂದರೆ ಒಂದು ಗಂಟೆಯ ಆಸುಪಾಸು. ನಾಳೆ ಇಂಥ ಮೋಡಗಳು ಏಳುತ್ತವೆ ಎಂದು ಹೇಳಬಹುದು. ಯಾವ ಗಲ್ಲಿಯ ಮೇಲೆ ಸುರಿಯುತ್ತವೆ ಎಂದು ಇಂದೇ ಹೇಳು ಅಂದರೆ ಹೇಗೆ?

2005ರ ಜುಲೈ 26ರಂದು ನಮ್ಮಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಎಂದಿನಂಥ ಮಳೆ. ಮನೆಗೆಂದು ಕುರ್ಲಾ ಕಡೆ ಹೊರಟವರು ಸಯನ್ ದಾಟುವ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿದ್ದರು. ಆ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಸುಮಾರು 20 ಕಿ.ಮೀ. ದೂರದ ಕೊಲಾಬಾದಲ್ಲಿ ಬರೀ 73. ಒಂದೇ ಊರು, ಒಂದೇ ದಿನ! ಆಗ ಮುಂಬಯಿಯಲ್ಲಿ ಡಾಪ್ಲರ್ ರೇಡಾರ್ ಇರಲಿಲ್ಲ. ಈಗ ಕೊಲಾಬಾದಲ್ಲೊಂದು, 2022ರಿಂದ ಅಂಧೇರಿಯ ವೆರಾವಲಿಯಲ್ಲೊಂದು ಇದೆ. ಎದ್ದ ಮೋಡವನ್ನು ನೋಡಿ ಮುಂದಿನ 3 ಗಂಟೆಗಳ ಎಚ್ಚರಿಕೆ ಕೊಡುತ್ತಾರೆ. ಬೆಳಿಗ್ಗೆ ಓದಿದ್ದನ್ನೇ ನಂಬಿ ಕೂರದೆ, ಹೊರಡುವ ಮುಂಚೆ ಅದನ್ನು ನೋಡುವವರು ನಮ್ಮಲ್ಲಿ ಎಷ್ಟು ಜನ?

ಇನ್ನು ಭಾಷೆಯ ಮಾತು. ಸಾಹಿತ್ಯ ಸಂಘದವರಾದ ನಮಗೆ ಇದಾದರೂ ತಿಳಿಯಬೇಡವೆ? "ಒಂದೆರಡು ಕಡೆ ಮಳೆ" ಎಂಬುದು ಜಾರಿಕೊಳ್ಳುವ ಮಾತೆಂದು ನಾನು ತಿಳಿದಿದ್ದೆ. ಅಲ್ಲ. ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇಕಡಾ 25 ಅಥವಾ ಅದಕ್ಕೂ ಕಡಿಮೆ ಕಡೆ ಮಳೆ ಎಂದು ಅದರರ್ಥ. "ಭಾರೀ ಮಳೆ" ಎಂದರೆ ದಿನಕ್ಕೆ 64.5 ಮಿ.ಮೀ.ಗೆ ಕಡಿಮೆಯಿಲ್ಲದ ಮಳೆ. ಕಿತ್ತಳೆ ಎಂದರೆ "ಸುರಿದೇ ಸುರಿಯುತ್ತದೆ" ಎಂದಲ್ಲ, "ಸಿದ್ಧರಾಗಿರಿ" ಎಂದು. ನಾವು ಕಾಮರ್ಸಿನವರು ವರ್ಷವರ್ಷ ಸಂಶಯದ ಸಾಲಕ್ಕೆಂದು ಮೀಸಲು ಇಡುತ್ತೇವೆ. ಸಾಲಗಾರ ಪೂರಾ ಹಣ ತೀರಿಸಿದ ಅಂತ ಲೆಕ್ಕ ಬರೆದವನನ್ನು ಸುಳ್ಳುಗಾರ ಅನ್ನುತ್ತೇವೆಯೆ? ಕೊಡೆಯೂ ಅಂಥ ಒಂದು ಮೀಸಲೇ.

ಹಾಗೆಂದು ಇಲಾಖೆಯವರದು ಏನೂ ಕೊರತೆಯಿಲ್ಲ ಎನ್ನಲಾರೆ. ಕೋಟಿಗೂ ಮಿಕ್ಕಿ ಜನರಿರುವ ಈ ಊರಿಗೆ ಜಿಲ್ಲೆಗೊಂದು ಬಣ್ಣ ಬಳಿದರೆ ಸಾಲದು. ಬಣ್ಣದ ಅರ್ಥವನ್ನು ದಿನವೂ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. ಕಳೆದ ವಾರ ಹೇಳಿದ್ದರಲ್ಲಿ ಎಷ್ಟು ನಿಜವಾಯಿತೆಂಬ ಜಮಾಖರ್ಚನ್ನೂ ಜನರ ಮುಂದಿಡಬೇಕು. ಲೆಕ್ಕ ತೋರಿಸಿದವನ ಮೇಲೆ ನಂಬಿಕೆ ತಾನಾಗಿ ಬರುತ್ತದೆ.

ಊರಲ್ಲಿ ನಮ್ಮಜ್ಜಿ ಆರಿದ್ರಾ ಮಳೆ, ಪುಷ್ಯ ಮಳೆ ಎಂದು ಲೆಕ್ಕ ಇಟ್ಟವಳು. ಆದರೂ ದಿನಾ ಅಂಗಳಕ್ಕೆ ಬಂದು ಪಡುವಣ ದಿಕ್ಕು ನೋಡದೆ ಹಪ್ಪಳ ಒಣಹಾಕುತ್ತಿರಲಿಲ್ಲ. ಮಳೆ ಬಾರದಿದ್ದರೆ ನಕ್ಷತ್ರವನ್ನು ಬೈದದ್ದನ್ನು ನಾನು ಕಂಡಿಲ್ಲ.

ನನ್ನದೊಂದು ಸೂಚನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಸಂಘದ ನೋಟೀಸ್ ಬೋರ್ಡಿನಲ್ಲಿ ದಿನಾ ಎರಡು ಸಾಲು ಕನ್ನಡದಲ್ಲಿ ಬರೆಯೋಣ: ಇಂದಿನ ಎಚ್ಚರಿಕೆ ಏನು, ನಿನ್ನೆ ಆದದ್ದೇನು. ಮೊದಲ ತಿಂಗಳು ಬರೆಯುವ ಕೆಲಸ ನನ್ನದು.

ಆ ಹುಡುಗಿ ಈ ಸಂಚಿಕೆಗೆ ಬೇರೊಂದು ಕವಿತೆ ಕೊಟ್ಟಿದ್ದಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆ ಹಿಡಿದು ತಂದೆ. ದಾರಿಯುದ್ದಕ್ಕೂ ಒಂದು ಹನಿ ಬೀಳಲಿಲ್ಲ. ನಾನು ಯಾರನ್ನೂ ಬೈಯಲಿಲ್ಲ.