ಉರಿದ ಕೆರೆಯೂ ಊರಿನ ಇಂಜಿನಿಯರರೂ

ಕೆರೆಗೆ ಬೆಂಕಿ ಬಿದ್ದಿತೆಂದರೆ ನಮ್ಮ ಹಿರಿಯರು ನಂಬುತ್ತಿರಲಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಹೊತ್ತಿ ಉರಿಯಿತು. 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಮತ್ತೆ ಬೆಂಕಿಯೆದ್ದಿತು. ಕೊನೆಯ ಸಲ ಆರಿಸಲು ಸೈನಿಕರು ಬರಬೇಕಾಯಿತು. ಕೆರೆ ಹೊತ್ತದಂತೆ ನೋಡಿಕೊಳ್ಳತಕ್ಕ ಶಾಸ್ತ್ರ ಮಾತ್ರ ಬೇರೆಯವರದು. ಅವರನ್ನು ಪರಿಸರ ಇಂಜಿನಿಯರರೆನ್ನುತ್ತಾರೆ. ಅವರ ಕೆಲಸವೇನೆಂಬುದು ನಮ್ಮ ಪುರಪ್ರಮುಖರಲ್ಲಿಯೇ ಅನೇಕರಿಗೆ ತಿಳಿದಂತಿಲ್ಲ. ಗಿಡ ನೆಡಿಸುವವರೆಂದು ಭಾವಿಸಿದವರೂ ಉಂಟು.

ಸೇತುವೆ ಕಟ್ಟುವವರು ಭಾರವನ್ನು ಲೆಕ್ಕ ಹಾಕುವರು. ಇವರು ಪ್ರಾಣವಾಯುವನ್ನು ಲೆಕ್ಕ ಹಾಕುವರು. ಕುಡಿಯುವ ನೀರು, ಕಸ, ಕಾರ್ಖಾನೆಯ ಹೊಗೆ ಇವೂ ಇವರ ವಿಷಯಗಳೇ. ಆದರೆ ಕೊಳಚೆಯಲ್ಲಿ ಇವರ ವಿದ್ಯೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಲೀಟರು ಕೊಳಚೆಯ ಕಶ್ಮಲವನ್ನು ತಿನ್ನುವಾಗ ಸೂಕ್ಷ್ಮಜೀವಿಗಳು ಐದು ದಿನಗಳಲ್ಲಿ ಎಷ್ಟು ಪ್ರಾಣವಾಯುವನ್ನು ಬಳಸುವವೆಂದು ಅಳೆಯುತ್ತಾರೆ. ತೊಟ್ಟಿಯ ಗಾತ್ರವನ್ನೂ ಊದಬೇಕಾದ ಗಾಳಿಯನ್ನೂ ಅದರಿಂದ ಗೊತ್ತುಮಾಡುತ್ತಾರೆ. ಈ ಲೆಕ್ಕವನ್ನು ಅಲಕ್ಷಿಸಿ ಕೊಳಚೆಯನ್ನು ನೇರವಾಗಿ ಕೆರೆಗೆ ಬಿಟ್ಟರೆ ನೀರಿನ ಉಸಿರು ಮುಗಿದು ಮೀನು ಸಾಯುತ್ತದೆ, ತಳದ ಹೂಳಿನಿಂದ ಉರಿಯುವ ಅನಿಲವೇಳುತ್ತದೆ, ಬಟ್ಟೆ ಒಗೆಯುವ ಪುಡಿ ಕೋಡಿಯಲ್ಲಿ ನೊರೆಯಾಗುತ್ತದೆ.

ಈ ವಿದ್ಯೆ ಬೆಂಗಳೂರಿಗೆ ಹೊಸತೇನೂ ಅಲ್ಲ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆಗೆ ಗಾಳಿಯೂದಿ, ತಳಕ್ಕಿಳಿದ ಜೀವಂತ ಕೆಸರನ್ನು ಚೆಲ್ಲದೆ ಹೊಸ ಕೊಳಚೆಗೆ ಹೆಪ್ಪಿನಂತೆ ಬೆರೆಸಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧಿ ಒಂದು ದಿನದೊಳಗೆ ಮುಗಿಯಿತು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ತಾತಾ ಇನ್‌ಸ್ಟಿಟ್ಯೂಟಿಗೆ ಪ್ರಾಧ್ಯಾಪಕರಾಗಿ ಬಂದರು. ಹೀಗೆ ಆ ವಿದ್ಯೆ ನಮ್ಮ ಬಾಗಿಲಿಗೆ ಬಂದ ಸುಮಾರು ನೂರು ವರ್ಷಗಳಿಗೆ ಅದೇ ಊರಿನ ಕೆರೆ ಉರಿಯಿತು. ಪರರ ಆಳ್ವಿಕೆಯೆಂಬ ನೆಪವೂ ನಮಗಿಲ್ಲ. ಉರಿದುದು ಸ್ವರಾಜ್ಯದ ಕೆರೆ.

ದೋಷ ವಿದ್ಯೆಯದಲ್ಲ, ಆಡಳಿತದ ಕ್ರಮದ್ದು. ಮನೆಗೆ ಕೊಟ್ಟ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಚರಂಡಿಗೆ ಮರಳುವುದೆಂದು ಇಂಜಿನಿಯರರು ಗಣಿಸುತ್ತಾರೆ. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತಿ ತಂದವರು, ಆ 80 ಪಾಲು ಎಲ್ಲಿಗೆ ಹೋಗಬೇಕೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಯೋಚಿಸಲಿಲ್ಲ. ನಲ್ಲಿಯ ಉದ್ಘಾಟನೆಗೆ ಮಂತ್ರಿಗಳು ಬರುವರು. ಕೊಳಚೆಯ ಕೊಳವೆಗೆ ಹಾರ ಹಾಕುವವರು ಅಪರೂಪ. ಹೊಸ ಬಡಾವಣೆಯ ಕೊಳಚೆ ಯಾವ ಶುದ್ಧೀಕರಣ ಕೇಂದ್ರಕ್ಕೆ ಸೇರುವುದು, ಅಲ್ಲಿ ಎಡೆಯಿದೆಯೇ ಎಂದು ಪರಿಸರ ಇಂಜಿನಿಯರರು ಬರೆದು ಸಹಿ ಮಾಡದ ಹೊರತು ಒಂದು ನಿವೇಶನಕ್ಕೂ ಅನುಮತಿ ಸಲ್ಲದೆಂದು ನಾವು ಹೇಳುತ್ತೇವೆ. ಆ ಸಹಿಯನ್ನು ಯಾವ ಮೇಲಧಿಕಾರಿಯೂ ತಳ್ಳಿಹಾಕಲಾಗದಂತೆ ಕಾನೂನಿನ ಬಲವೂ ಅದಕ್ಕಿರಬೇಕು.

ಬೆಳ್ಳಂದೂರಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದಲೇ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಒಣಗೆರೆಗಳಿಗೆ ಹರಿಯತೊಡಗಿತು. ಕೆರೆ ತುಂಬಿದ ಸಂತೋಷದೊಡನೆ, ಈ ನೀರು ಎಷ್ಟು ಶುದ್ಧವೆಂಬ ಸಂಶಯವೂ ರೈತರಲ್ಲಿ ಹುಟ್ಟಿತು. ಆ ಸಂಶಯ ನ್ಯಾಯವಾದುದು. ಪರೀಕ್ಷೆಯ ಅಂಕಿಗಳನ್ನು ಕಚೇರಿಯ ಕಡತದಲ್ಲಿ ಕಟ್ಟಿಡದೆ, ತಿಂಗಳು ತಿಂಗಳೂ ತಿಳಿಗನ್ನಡದಲ್ಲಿ ಆಯಾ ಕೆರೆಯ ಏರಿಯ ಮೇಲೆಯೇ ಹಲಗೆ ಹಾಕಿ ಬರೆಸಲಿ.