ಹಿಮಕ್ಕೆ ಅಶ್ವಶಕ್ತಿಯ ಭಯವಿಲ್ಲ

ನಾಲ್ಕುನೂರು ಅಶ್ವಶಕ್ತಿಯ ಕ್ರೀಡಾ ಕಾರನ್ನು ಕೊಂಡವನಿಗೆ ಆಲ್ಪ್ಸ್ ಪರ್ವತದ ಚಳಿಗಾಲದ ರಸ್ತೆಯೂ ಅಧೀನವೆಂಬ ಭ್ರಮೆಯನ್ನು ಜಾಹೀರಾತುಗಳು ಧಾರಾಳವಾಗಿ ಮಾರುತ್ತಿವೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುತ್ತದೆ, ಗಣಕ ಕಾಯುತ್ತದೆ, ಇನ್ನೇಕೆ ಅಂಜಿಕೆ ಎಂಬುದು ವಾದ. ಇದು ಅರ್ಧಸತ್ಯ. ನಾಲ್ಕು ಚಕ್ರಗಳ ಚಾಲನೆ ಕಾರನ್ನು ಹೊರಡಿಸಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕು ಸಾಧಾರಣ ಕಾರಿನಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ! ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಯಾವ ಗಣಕವೂ ಸೃಷ್ಟಿಸಲಾರದು.

ಇಂಥ ಕಾರುಗಳ ಅಗಲವಾದ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಆಸ್ಟ್ರಿಯಾದ ಕಾನೂನು ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆಯಿದ್ದಾಗ, ಚಳಿಗಾಲದ ಟೈರನ್ನು ಕಡ್ಡಾಯಗೊಳಿಸಿದೆ. (ಕಾನೂನು ಕಾರಿನ ಬೆಲೆ ಕೇಳುವುದಿಲ್ಲ.)

ಟೈರೊಂದೇ ಸಾಲದು. ಗಟ್ಟಿಯಾದ ಹಿಮದ ಮೇಲೆ ಘರ್ಷಣೆಯು ಒಣ ರಸ್ತೆಯದರ ಕಾಲುಭಾಗಕ್ಕೆ ಇಳಿದರೆ, ಬ್ರೇಕು ಒತ್ತಿದ ಬಳಿಕ ಕಾರು ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮಾರು 31 ಮೀಟರಿನೊಳಗೆ ನಿಲ್ಲುತ್ತಿದ್ದ ಕಾರು 125 ಮೀಟರಿನವರೆಗೆ ಜಾರುತ್ತದೆ. ವೇಗವನ್ನು 40ಕ್ಕೆ ಇಳಿಸಿದರೆ ಮತ್ತೆ ಅದೇ 31. ಲೆಕ್ಕ ಇಷ್ಟು ಸರಳವಿದ್ದರೂ ಶ್ರೀಮಂತಿಕೆಗೆ ಅದು ಒಗ್ಗುವುದಿಲ್ಲ.

ಬ್ರೇಕು ಹಾಕುವುದು ತಿರುವಿಗೆ ಮುನ್ನ, ನೇರ ರಸ್ತೆಯಲ್ಲಿಯೇ ಮುಗಿಯಬೇಕು. ಹಿಂಚಕ್ರ ಚಾಲನೆಯ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರನ್ನು ಜೋರಾಗಿ ತುಳಿದರೆ ಹಿಂಭಾಗವೇ ಮುಂದಕ್ಕೆ ತಿರುಗಿಬರುತ್ತದೆ. ಸೇತುವೆಗಳೂ ನೆರಳಿನ ತಿರುವುಗಳೂ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಆ ತಿರುವಿನಾಚೆಯಿಂದ ಬರುತ್ತಿರುವುದು ಕಣಿವೆಯ ಶಾಲೆಯ ಬಸ್ಸೂ ಆಗಿರಬಹುದು.